1993ರ ಡೂಮ್ ಗೇಮನ್ನು ಈಗ ಮೊದಲ ಸಲ ಆಡುವುದರಲ್ಲಿ ಅರ್ಥವಿದೆಯೇ?

ನೀವು ಯಾದಗಿರಿಯಲ್ಲಿ ಡಿಪ್ಲೊಮಾ ಓದುತ್ತಿದ್ದೀರಿ, ಈ ಕಾಲದ ಶೂಟಿಂಗ್ ಗೇಮ್‌ಗಳನ್ನೇ ಆಡಿ ಬೆಳೆದಿದ್ದೀರಿ, ನಿಮ್ಮಲ್ಲಿರುವುದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪ್. ಡೂಮ್ ಆಡಿದರೆ ನಿಜಕ್ಕೂ ಖುಷಿ ಸಿಗುತ್ತದೆಯೇ, ಇಲ್ಲವೇ ಹಳಬರು ತಮ್ಮ ಹರೆಯವನ್ನು ನೆನೆದು ಅದನ್ನು ಸುಮ್ಮನೆ ಹೊಗಳುತ್ತಿದ್ದಾರೆಯೇ ಎಂಬುದು ನಿಮ್ಮ ಪ್ರಶ್ನೆ. ಖುಷಿ ಖಂಡಿತ ಸಿಗುತ್ತದೆ. ಆದರೆ ಆ ಗೇಮನ್ನು ಅದರ ನಿಯಮಗಳಿಗೆ ಒಳಪಟ್ಟೇ ಆಡಬೇಕು. ಹೊಸ ಗೇಮ್‌ಗಳಿಂದ ಕಲಿತ ಅಭ್ಯಾಸಗಳನ್ನೆಲ್ಲ ಅದರ ಮೇಲೆ ಹೇರಿದರೆ ಅರ್ಧ ಗಂಟೆಯಲ್ಲಿ ಬೇಸರ ಬರುವುದು ಖಚಿತ.

ನಾನು ಡೂಮ್ ಆಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಲಬುರಗಿಯನ್ನು ಎಲ್ಲರೂ ಗುಲಬರ್ಗಾ ಎಂದೇ ಬರೆಯುತ್ತಿದ್ದ ಕಾಲದಲ್ಲಿ, ಸೂಪರ್ ಮಾರ್ಕೆಟ್ ಕಡೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಡಾಸ್ ಪಾಠ ಮುಗಿದ ಮೇಲೆ ಸರ್ ಕಣ್ಣು ತಪ್ಪಿಸಿ ಆಡುತ್ತಿದ್ದೆವು. ಏಟು ತಗಲದಂತೆ ಮಾಡುವ ಐಡಿಡಿಕ್ಯೂಡಿ ಎಂಬ ಚೀಟ್ ಕೋಡು ಎಲ್ಲರ ನೋಟ್‌ಬುಕ್ಕಿನ ಹಿಂಬದಿಯಲ್ಲೂ ಇರುತ್ತಿತ್ತು. ಆದ್ದರಿಂದ ನೆನಪಿನ ಮೋಹದಿಂದ ನಾನೂ ಪೂರ್ತಿ ಹೊರತಲ್ಲ. ಅದಕ್ಕೇ ಈ ವರ್ಷದ ಬೇಸಿಗೆ ರಜೆಯಲ್ಲಿ, ಹೊರಗೆ ಕಾಲಿಡಲಾಗದಂಥ ಬಿಸಿಲಿದ್ದ ಒಂದು ಮಧ್ಯಾಹ್ನ, ಮೊಬೈಲಿನಲ್ಲಿ ಬ್ಯಾಟಲ್ ರಾಯಲ್ ಗೇಮ್‌ಗಳನ್ನು ಬಿಟ್ಟು ಬೇರೇನನ್ನೂ ಆಡದ ನನ್ನ ಅಣ್ಣನ ಮಗನನ್ನು ಡೂಮ್ ಮುಂದೆ ಕೂರಿಸಿ, ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತು ನೋಡಿದೆ.

ಅವನು ಮೊದಲು ಮಾಡಿದ್ದು ಗುರಿ ಹಿಡಿಯಲು ಮೌಸಿನ ಬಲಗುಂಡಿ ಒತ್ತಿದ್ದು. ಏನೂ ಆಗಲಿಲ್ಲ. ನಾಲ್ಕು ಗುಂಡು ಹಾರಿಸಿ, "ಕಾಕಾ, ಇದ್ರಾಗ ರೀಲೋಡ್ ಎಲ್ಲಿ ಅದ?" ಎಂದ. "ರೀಲೋಡ್ ಇಲ್ಲಪಾ, ಗುಂಡು ಇರೋತನಕ ಹೊಡಿ" ಎಂದೆ. ಏಟು ತಿಂದಾಗ ಒಂದು ಕಂಬದ ಹಿಂದೆ ಸರಿದು ನಿಂತ, ಆರೋಗ್ಯ ತಾನಾಗಿ ತುಂಬಿಕೊಳ್ಳಲಿ ಎಂದು ಕಾದ. ಪರದೆಯ ಕೆಳಗಿನ ಅಂಕಿ ಹಾಗೇ ಇತ್ತು. ಡೂಮ್‌ನಲ್ಲಿ ಕಳೆದುಕೊಂಡ ಆರೋಗ್ಯ ತಾನಾಗಿ ಮರಳುವುದಿಲ್ಲ. ನೆಲದ ಮೇಲೆ ಬಿದ್ದಿರುವ ಚಿಕ್ಕ ಪೊಟ್ಟಣ ಎತ್ತಿಕೊಂಡರೆ ಹತ್ತು, ದೊಡ್ಡ ಪೆಟ್ಟಿಗೆ ಎತ್ತಿಕೊಂಡರೆ ಇಪ್ಪತ್ತೈದು. ಅದನ್ನು ಹುಡುಕಲು ನೀವು ಮುಂದಕ್ಕೇ ಹೋಗಬೇಕು. ಮೂರನೆಯ ಲೆವೆಲ್ಲಿನ ಹೊತ್ತಿಗೆ ಅವನು ಕಂಬದ ಹಿಂದೆ ನಿಲ್ಲುವುದನ್ನು ಬಿಟ್ಟು ಓಡಾಡುತ್ತಾ ಹೊಡೆಯತೊಡಗಿದ್ದ, ಮೊಬೈಲ್ ಪಕ್ಕದ ಕುರ್ಚಿಯ ಮೇಲೆ ಬಿದ್ದಿತ್ತು. ಅವನಿಗೆ ಯಾವ ಹಳೆಯ ನೆನಪೂ ಇರಲಿಲ್ಲ ಎಂಬುದನ್ನು ಗಮನಿಸಿ.

ಈ ಗೇಮಿನಲ್ಲಿ ನಿಮ್ಮ ಮುಖ್ಯ ಆಯುಧ ಬಂದೂಕಲ್ಲ, ಓಟ. ಇಂಪ್ ಎಂಬ ಕಂದು ಬಣ್ಣದ ಜೀವಿ ಎಸೆಯುವ ಬೆಂಕಿಯುಂಡೆ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬರುತ್ತದೆ, ಪಕ್ಕಕ್ಕೆ ಸರಿದರೆ ತಪ್ಪಿಸಿಕೊಳ್ಳಬಹುದು. ಬಂದೂಕು ಹಿಡಿದ ಸೈನಿಕರ ಗುಂಡು ಮಾತ್ರ ಹಾರಿಸಿದ ಕ್ಷಣವೇ ತಗಲುತ್ತದೆ, ಸರಿಯಲು ಸಮಯವಿರುವುದಿಲ್ಲ. ಆದ್ದರಿಂದ ಒಂದು ಕೋಣೆಗೆ ಕಾಲಿಟ್ಟ ಕೂಡಲೇ ಯಾರನ್ನು ಮೊದಲು ಮುಗಿಸಬೇಕು, ಯಾರಿಂದ ಸುಮ್ಮನೆ ತಪ್ಪಿಸಿಕೊಂಡರೆ ಸಾಕು ಎಂದು ನಿರ್ಧರಿಸಬೇಕಾಗುತ್ತದೆ. ಇದರ ಜೊತೆಗೆ ಇನ್ನೊಂದು ನಿಯಮವಿದೆ: ಒಂದು ಜೀವಿಯ ಏಟು ಇನ್ನೊಂದಕ್ಕೆ ತಗಲಿದರೆ ಅವೆರಡೂ ನಿಮ್ಮನ್ನು ಬಿಟ್ಟು ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುತ್ತವೆ. ಒಂದು ಇಂಪ್‌ನ ಬೆಂಕಿ ಮತ್ತೊಂದು ಇಂಪ್‌ಗೆ ಏನೂ ಮಾಡುವುದಿಲ್ಲ, ಆದರೆ ಸೈನಿಕನ ಗುಂಡು ಯಾರಿಗೆ ಬೇಕಾದರೂ ತಗಲಬಹುದು. ಇದು ಗೊತ್ತಾದ ಮೇಲೆ ಗುಂಡು ಕಡಿಮೆಯಿದ್ದಾಗ ಎರಡು ಗುಂಪುಗಳ ನಡುವೆ ನಿಂತು ಅವುಗಳಿಗೆ ಜಗಳ ಹಚ್ಚಿ ಹೊರಬರುವ ಆಟ ಶುರುವಾಗುತ್ತದೆ. ಇಷ್ಟು ಕೆಲವೇ ನಿಯಮಗಳಿಂದ ಇಷ್ಟೊಂದು ಬಗೆಯ ಸನ್ನಿವೇಶಗಳನ್ನು ಹುಟ್ಟಿಸುವ ಶೂಟರ್‌ಗಳನ್ನು ನಾನು ಹೆಚ್ಚು ಕಂಡಿಲ್ಲ.

ಶಬ್ದದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಹೊಸಬರು ಅದನ್ನು ಗಮನಿಸುವುದೇ ಇಲ್ಲ. ನೀವು ಹಾರಿಸಿದ ಗುಂಡಿನ ಸದ್ದು ಒಂದು ಜಾಗದಿಂದ ಅದಕ್ಕೆ ತೆರೆದುಕೊಂಡಿರುವ ಇನ್ನೊಂದು ಜಾಗಕ್ಕೆ ಹರಿಯುತ್ತಾ ಹೋಗುತ್ತದೆ, ಮುಚ್ಚಿದ ಬಾಗಿಲು ಅದನ್ನು ತಡೆಯುತ್ತದೆ. ಸದ್ದು ತಲುಪಿದ ಕಡೆಯ ಜೀವಿಗಳು ಎಚ್ಚರಗೊಂಡು ನಿಮ್ಮನ್ನು ಹುಡುಕಿಕೊಂಡು ಹೊರಡುತ್ತವೆ. ಕೆಲವನ್ನು ಮಾತ್ರ ವಿನ್ಯಾಸಕರು ಬೇಕೆಂದೇ ಸದ್ದಿಗೆ ಓಡಿಬರದಂತೆ ಮಾಡಿ, ಮೂಲೆಯಲ್ಲಿ ಹೊಂಚು ಹಾಕಿಸಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಆಡಿ. ಗೋಡೆಯಾಚೆಯ ಗುರುಗುಟ್ಟುವಿಕೆಯಿಂದಲೇ ಆಚೆ ಯಾವ ಜೀವಿಯಿದೆ ಎಂದು ಗುರುತಿಸುವುದು ಬಹಳ ಬೇಗ ಅಭ್ಯಾಸವಾಗುತ್ತದೆ.

ಇನ್ನು ಲೆವೆಲ್‌ಗಳು. ಮೊದಲ ಲೆವೆಲ್ಲಿನ ಆರಂಭದ ಕೋಣೆಯಲ್ಲೇ ಒಂದು ಕಿಟಕಿಯಿದೆ. ಅದರಾಚೆ ಬಯಲಿನಲ್ಲಿ ನೀಲಿ ಕವಚವೊಂದು ಕಾಣುತ್ತದೆ, ಆದರೆ ಅಲ್ಲಿಗೆ ಹೋಗಲು ದಾರಿ ಕಾಣುವುದಿಲ್ಲ. ದಾರಿ ಇರುವುದು ಬಹಳ ಮುಂದೆ, ಹಸಿರು ವಿಷದ ಕೊಳದ ಮೇಲಿನ ಅಂಕುಡೊಂಕು ಹಾದಿಯಿರುವ ಕೋಣೆಯ ಬಳಿ, ಗುಪ್ತವಾಗಿ. ಜಾನ್ ರೊಮೆರೊ ಮೊದಲ ಕಂತಿನ ಬಹುಪಾಲು ಲೆವೆಲ್‌ಗಳನ್ನು ರೂಪಿಸಿದವರು. ಈ ಮೊದಲ ಲೆವೆಲ್ಲನ್ನು ಅವರು ಉಳಿದವುಗಳ ನಂತರ, ಕೈ ಪಳಗಿದ ಮೇಲೆ ಮಾಡಿದರು. ಎದುರಿಗಿರುವುದನ್ನು ತೋರಿಸಿ ಸುತ್ತು ಹಾಕಿಸುವ ಈ ತಂತ್ರ ನಮ್ಮ ಕಡೆಯವರಿಗೆ ಹೊಸದಲ್ಲ. ಬೀದರ್ ಕೋಟೆಯ ಶರ್ಜಾ ದರ್ವಾಜಾ ದಾಟಿ ಗುಂಬದ್ ದರ್ವಾಜಾ ಕಡೆಗೆ ನಡೆದವರಿಗೆ, ನೇರವಾಗಿ ಒಳಗೆ ಬಿಡದೆ ತಿರುಗಿಸಿ ಕರೆದೊಯ್ಯುವ ದಾರಿ ಎಂಥದ್ದೆಂದು ಗೊತ್ತಿರುತ್ತದೆ.

ತಾಂತ್ರಿಕವಾಗಿ ಇದು ಪೂರ್ಣ ಮೂರು ಆಯಾಮದ ಲೋಕವಲ್ಲ. ನಕ್ಷೆ ಕಾಗದದ ಮೇಲೆ ಬಿಡಿಸಿದ ಚಿತ್ರದಂತೆ ಚಪ್ಪಟೆ. ಪ್ರತಿ ಭಾಗಕ್ಕೂ ನೆಲದ ಎತ್ತರ, ಛಾವಣಿಯ ಎತ್ತರ, ಬೆಳಕಿನ ಪ್ರಮಾಣ ಇವಿಷ್ಟನ್ನು ಕೊಡಲಾಗಿದೆ. ಆದ್ದರಿಂದ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಲಾರದು. ಗೇಮಿನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಈ ನಕ್ಷೆಯನ್ನು ಬೈನರಿ ಸ್ಪೇಸ್ ಪಾರ್ಟಿಷನ್ ಎಂಬ ವಿಧಾನದಿಂದ ಮೊದಲೇ ತುಂಡುಮಾಡಿ ಇಡುವ ಏರ್ಪಾಟು ಮಾಡಿದ್ದರಿಂದ, ಹತ್ತಿರದ ಗೋಡೆ ಯಾವುದು, ಅದರ ಹಿಂದಿನದು ಯಾವುದು ಎಂದು ಲೆಕ್ಕ ಹಾಕುವ ಹೊರೆ ಇಳಿದು, 4 ಎಂಬಿ ಮೆಮೊರಿಯ 386 ಕಂಪ್ಯೂಟರಿನಲ್ಲೂ ಗೇಮ್ ನಡೆಯಿತು. ನಿಮ್ಮ ಲ್ಯಾಪ್‌ಟಾಪಿನ ಬಗ್ಗೆ ಇನ್ನು ಚಿಂತೆ ಬೇಡ.

ಎಲ್ಲವೂ ಇವತ್ತಿಗೂ ಚೆನ್ನಾಗಿದೆ ಎಂದರೆ ಸುಳ್ಳಾಗುತ್ತದೆ. ಮೂರನೆಯ ಕಂತಿನ ಹಲವು ಲೆವೆಲ್‌ಗಳು ನನಗೆ ಗೊಂದಲದ ಗೂಡಾಗಿಯೇ ಕಂಡವು. 1994ರ ಡೂಮ್ 2ರಲ್ಲಿ ನಗರವನ್ನು ತೋರಿಸಲು ಹೊರಟ ಭಾಗಗಳಂತೂ, ಡೌನ್‌ಟೌನ್ ಎಂಬ ಲೆವೆಲ್ಲನ್ನೂ ಸೇರಿಸಿ, ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಂತಿವೆ. ಅದೇ ಡೂಮ್ 2 ತಂದ ಜೋಡಿ ನಳಿಕೆಯ ಸೂಪರ್ ಶಾಟ್‌ಗನ್ ಮಾತ್ರ ಇಂದಿಗೂ ಕೈಗೆ ಹಿತ.

ಆಡುವ ವಿಧಾನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಡೂಮ್ ತಯಾರಿಸಿದ ಐಡಿ ಸಾಫ್ಟ್‌ವೇರ್ ಕಂಪನಿ 1997ರ ಡಿಸೆಂಬರಿನಲ್ಲಿ ಈ ಗೇಮಿನ ಸೋರ್ಸ್ ಕೋಡನ್ನು ಬಿಡುಗಡೆ ಮಾಡಿತು, 1999ರಲ್ಲಿ ಅದಕ್ಕೆ, ಯಾರು ಬೇಕಾದರೂ ಬದಲಿಸಿ ಹಂಚಲು ಬಿಡುವ ಜಿಪಿಎಲ್ ಪರವಾನಗಿ ಕೊಟ್ಟಿತು. ಇವತ್ತು ಹತ್ತಾರು ರೂಪಗಳಲ್ಲಿ ಡೂಮ್ ಸಿಗುವುದು ಅದರಿಂದಲೇ. ಮೂಲವನ್ನು ಅದರ ದೋಷಗಳ ಸಮೇತ ಕಾಪಾಡಿದ್ದು ಚಾಕೊಲೇಟ್ ಡೂಮ್. ಅದೇ ನಿಯಮಗಳನ್ನಿಟ್ಟುಕೊಂಡು, ಚಿತ್ರವನ್ನು ಮೂಲದ 320x200 ಬದಲು 640x400ಕ್ಕೆ ಏರಿಸಿ, ಸೆಕೆಂಡಿಗೆ 35 ಫ್ರೇಮ್ ಎಂಬ ಮಿತಿಯನ್ನು ಸಡಿಲಿಸಿದ್ದು ಕ್ರಿಸ್ಪಿ ಡೂಮ್. ನಿಮಗೆ ನನ್ನ ಶಿಫಾರಸು ಇದೇ. ಜಿಝಡ್‌ಡೂಮ್ ಬಹಳ ಶಕ್ತಿಶಾಲಿ, ಆದರೆ ಅದರಲ್ಲಿ ಜಿಗಿಯಬಹುದು, ಮೌಸಿನಿಂದ ಮೇಲೆ ಕೆಳಗೆ ನೋಡಬಹುದು. ಮೂಲ ಗೇಮಿನಲ್ಲಿ ಇವೆರಡೂ ಇಲ್ಲ. ಎದುರಿಗೆ ಸರಿಯಾಗಿ ತಿರುಗಿದರೆ ಸಾಕು, ಎತ್ತರದಲ್ಲಿರುವವನಿಗೂ ಗುಂಡು ತಾನೇ ತಗಲುತ್ತದೆ. ಜಿಗಿಯಲು ಬಿಟ್ಟರೆ ಕೀಲಿಕೈ ಹುಡುಕಬೇಕಾದ ಕಡೆ ಅಡ್ಡದಾರಿಗಳು ತೆರೆದುಕೊಂಡು ಲೆವೆಲ್ಲಿನ ಲೆಕ್ಕವೇ ಕೆಡುತ್ತದೆ.

ಹಳೆಯ ನಿಯಂತ್ರಣದಲ್ಲಿ ಮೌಸನ್ನು ಮುಂದೆ ತಳ್ಳಿದರೆ ಆಟಗಾರನೇ ಮುಂದೆ ನಡೆಯುತ್ತಾನೆ. ಸೆಟಪ್‌ನಲ್ಲಿ ಮೊದಲು ಅದನ್ನು ನಿಲ್ಲಿಸಿ, ಬಾಣದ ಕೀಲಿಗಳ ಬದಲು ನಿಮಗೆ ರೂಢಿಯಿರುವ ಕೀಲಿಗಳನ್ನು ಹಾಕಿಕೊಳ್ಳಿ. ಚಿತ್ರದ ಅನುಪಾತ 4:3 ಇರಲಿ, ಅಗಲಕ್ಕೆ ಎಳೆದರೆ ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಕಷ್ಟದ ಐದು ಹಂತಗಳಲ್ಲಿ ಮೂರನೆಯದನ್ನು ಆರಿಸಿ. ಲೆವೆಲ್ಲಿನ ನಡುವೆ ಪದೇ ಪದೇ ಸೇವ್ ಮಾಡಬೇಡಿ; ಸತ್ತರೆ ಬರೀ ಪಿಸ್ತೂಲು ಹಿಡಿದು ಆ ಲೆವೆಲ್ಲನ್ನು ಮೊದಲಿನಿಂದ ಶುರುಮಾಡಿ. ಪಿಸ್ತೂಲಿನಿಂದ ಶುರುಮಾಡಿದರೂ ದಾಟಬಹುದಾದ ಲೆವೆಲ್‌ಗಳೇ ಇವು. ಕರೆಂಟ್ ಹೋಗುವ ಭಯವಿದ್ದರೆ ಮಾತ್ರ ಎಫ್6 ಒತ್ತಿ ಸೇವ್ ಮಾಡಿಕೊಳ್ಳಿ, ಅದಕ್ಕೆ ನನ್ನ ಅಭ್ಯಂತರವಿಲ್ಲ.

ದುಡ್ಡು ಈಗಲೇ ಖರ್ಚು ಮಾಡಬೇಡಿ. ಮೊದಲ ಕಂತು 1993ರ ಡಿಸೆಂಬರ್ 10ರಂದು ಶೇರ್‌ವೇರ್ ಆಗಿ, ಯಾರು ಬೇಕಾದರೂ ಹಂಚಿಕೊಳ್ಳಲೆಂದೇ ಹೊರಬಂದದ್ದು. ಗುಪ್ತ ಲೆವೆಲ್ಲೂ ಸೇರಿ ಅದರಲ್ಲಿ ಒಂಬತ್ತು ಲೆವೆಲ್‌ಗಳಿವೆ, ಈಗಲೂ ಉಚಿತ. ಅದು ಹಿಡಿಸಿದರೆ 2024ರಲ್ಲಿ ಬಂದ ಡೂಮ್ ಮತ್ತು ಡೂಮ್ 2 ಜೋಡಿ ಆವೃತ್ತಿಯನ್ನು ಕೊಳ್ಳಿ. ರೊಮೆರೊ 2019ರಲ್ಲಿ ಹೊರತಂದ ಸಿಗಿಲ್ ಎಂಬ ಹೆಚ್ಚುವರಿ ಕಂತೂ ಅದರಲ್ಲಿದೆ, ಆದರೆ ಅದು ಬಹಳ ಕಠಿಣ. ಮೂಲದ ಕಂತುಗಳನ್ನು ನಾಲ್ಕನೆಯ ಹಂತದಲ್ಲಿ ಮುಗಿಸುವವರೆಗೆ ಅದನ್ನು ಮುಟ್ಟಬೇಡಿ.