ಹಳೆ ಬ್ಯಾಟರಿ ಕೆಲಸದವರಿಗೆ ಸೀಸದಿಂದ ಲಿವರ್ ಹಾಳಾಗುತ್ತದಾ?

ನಿಮ್ಮ ತಮ್ಮ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ಕೆಲಸಕ್ಕಿದ್ದಾರೆ. ಕುಡಿಯುವ ಅಭ್ಯಾಸ ಇಲ್ಲ, ಆದರೂ ಲಿವರ್‌ಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಕಿಣ್ವ ಎಸ್‌ಜಿಪಿಟಿ ಸ್ವಲ್ಪ ಜಾಸ್ತಿ ಬಂದಿದೆ. ಇದು ಸೀಸದ್ದೇ ಕಾಟವಾ, ಲಿವರ್ ಟಾನಿಕ್ ಕುಡಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಆಸ್ಪತ್ರೆ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವವನು. ಸೀಸದಿಂದ ಇರಬಹುದು. ಟಾನಿಕ್‌ನಿಂದ ಸರಿಹೋಗುವುದಿಲ್ಲ. ಮೊದಲು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಿಸಿ.

ಕರಗಿಸುವಾಗ ಏಳುವ ಹೊಗೆ, ಒಡೆಯುವಾಗ ಏಳುವ ಧೂಳು, ಎರಡೂ ಉಸಿರಿನಲ್ಲಿ ಹೋಗಿ ರಕ್ತ ಸೇರುತ್ತವೆ. ಅಲ್ಲಿಂದ ಲಿವರ್, ಕಿಡ್ನಿ, ಕೊನೆಗೆ ಮೂಳೆ. ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಇರುತ್ತದೆ. ಲಿವರ್ ತನ್ನ ರಕ್ಷಣೆಗೆ ಇಟ್ಟುಕೊಂಡಿರುವ ಗ್ಲುಟಾಥಯೋನ್ ಅನ್ನುವ ವಸ್ತುವಿನಲ್ಲಿ ಗಂಧಕ ಇದೆಯಲ್ಲ, ಸೀಸ ಅದಕ್ಕೇ ಅಂಟಿಕೊಂಡು ಅದನ್ನು ಖಾಲಿ ಮಾಡುತ್ತಾ ಬರುತ್ತದೆ, ಆಮೇಲೆ ಜೀವಕೋಶದ ಹೊರಪದರದ ಕೊಬ್ಬು ಕೆಡಲು ಶುರುವಾಗುತ್ತದೆ. ಇನ್ನೊಂದು, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅನ್ನುವ ವಸ್ತುವನ್ನು ತಯಾರಿಸುವ ಕಿಣ್ವದಲ್ಲಿ ಸತು ಇರಬೇಕಾದ ಜಾಗದಲ್ಲಿ ಸೀಸ ಹೋಗಿ ಕೂರುತ್ತದೆ. ಹೀಮ್ ಬರೀ ರಕ್ತಕ್ಕಲ್ಲ, ನಾವು ನುಂಗಿದ ಮಾತ್ರೆಗಳನ್ನು ಕರಗಿಸುವ ಲಿವರ್ ಕಿಣ್ವಗಳಿಗೂ ಬೇಕು.

ಹಾಗಂತ ದೊಡ್ಡವರಿಗೆ ಸೀಸದಿಂದಲೇ ಲಿವರ್ ಕೈಕೊಡುವುದು ಅಪರೂಪ. ಪೆಟ್ಟು ಮೊದಲು ಬೀಳುವುದು ನರ, ರಕ್ತ, ಕಿಡ್ನಿ, ಬಿಪಿ ಮೇಲೆ. ಹಾಗಾಗಿ ಎಸ್‌ಜಿಪಿಟಿ ಏರಿದ್ದಕ್ಕೆ ಕೊಬ್ಬಿನ ಲಿವರ್, ಹೆಪಟೈಟಿಸ್ ಬಿ ಕೂಡ ಕಾರಣ ಇರಬಹುದು, ಅವನ್ನೂ ನೋಡಿಸಬೇಕು. ಇದಕ್ಕಿಂತ ಮುಖ್ಯ: ಲಿವರ್ ಪರೀಕ್ಷೆ ಅಂದರೆ ಎಲ್‌ಎಫ್‌ಟಿ ನಾರ್ಮಲ್ ಬಂತು, ಸೀಸ ಇಲ್ಲ ಅಂದುಕೊಂಡರೆ ಕೆಟ್ಟಿತು. ಆ ಪರೀಕ್ಷೆ ಸೀಸವನ್ನು ಹುಡುಕುವುದೇ ಇಲ್ಲ. ಸೀಸ ಜಾಸ್ತಿ ಇರುವವರ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರೆ ಕೆಲವು ಸಲ ಕೆಂಪು ಕಣಗಳ ತುಂಬ ನೀಲಿ ಚುಕ್ಕಿ ಕಾಣುತ್ತವೆ. ಒಮ್ಮೊಮ್ಮೆ ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆಯೂ ಇರುತ್ತದೆ.

ರಕ್ತ ತೆಗೆಸುವ ಮುಂಚೆ ತೋಳು, ಕೈ ಸೋಪು ಹಾಕಿ ಚೆನ್ನಾಗಿ ತೊಳೆಯಲು ಹೇಳಿ. ಬೆರಳು ಚುಚ್ಚಿ ತೆಗೆದರೆ ಉಗುರಿನ ಸಂದಿಯ ಧೂಳೇ ಸೇರಿ ಲೆಕ್ಕ ತಪ್ಪುತ್ತದೆ, ರಕ್ತನಾಳದಿಂದಲೇ ತೆಗೆಸಿ. 2021ರ ಡಬ್ಲ್ಯುಎಚ್‌ಒ ಮಾರ್ಗಸೂಚಿ ಪ್ರಕಾರ ಒಂದು ಡೆಸಿಲೀಟರ್ (100 ಮಿಲಿ) ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು. ಇನ್ನೂ ತುಂಬಾ ಮೇಲಿದ್ದರೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಇದೆ, ಅದು ಡಾಕ್ಟರ್ ತೀರ್ಮಾನ. ಆದರೆ ಅದೇ ಹೊಗೆಯಲ್ಲಿ ನಿಂತುಕೊಂಡು ಔಷಧಿ ತಿಂದರೆ ಸುಮ್ನೆ ದುಡ್ಡು ದಂಡ. ಔಷಧಿ ನಿಲ್ಲಿಸಿದ ಮೇಲೆ ಮೂಳೆಯಲ್ಲಿದ್ದದ್ದು ಮತ್ತೆ ರಕ್ತಕ್ಕೆ ಬರುವುದೂ ಉಂಟು, ಅದಕ್ಕೇ ಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಕು.

ಹಾಲು, ಬೆಲ್ಲ ತಿಂದರೆ ಎಲ್ಲ ತೊಳೆದುಹೋಗುತ್ತದೆ ಅನ್ನುವವರು ಇದ್ದಾರೆ. ಕ್ಯಾಲ್ಸಿಯಂ, ಕಬ್ಬಿಣ ಕಮ್ಮಿ ಇದ್ದವರ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ ಅನ್ನುವುದು ನಿಜ, ಹಾಲು ಕುಡಿಯಲಿ ಬಿಡಿ. ಒಳಗೆ ಸೇರಿದ್ದನ್ನು ಅದು ತೆಗೆಯುವುದಿಲ್ಲ. ಲಿವರ್‌ಗೆ ಒಳ್ಳೇದು ಅಂತ ಯಾರೋ ಕೊಟ್ಟ ಭಸ್ಮವನ್ನಂತೂ ಮುಟ್ಟಬೇಡಿ. ನಾಗಭಸ್ಮ ಮಾಡುವುದೇ ಸೀಸದಿಂದ!

ನಮ್ಮ ದೇಶದಲ್ಲಿ ಪೆಟ್ರೋಲಿನ ಸೀಸ 2000ದಲ್ಲೇ ಹೋಯಿತು. ಬ್ಯಾಟರಿ ಗುಜರಿಯದ್ದು ಇನ್ನೂ ಹೋಗಿಲ್ಲ ನೋಡಿ.

ಡಾಕ್ಟರ್ ಹತ್ತಿರ ಏನು ಕೆಲಸ ಅಂತ ನೀವೇ ಬಾಯಿಬಿಟ್ಟು ಹೇಳಿ, ಎಲ್ಲರೂ ಕೇಳುವುದಿಲ್ಲ. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ ಇದ್ದರೆ ಅದನ್ನೂ ಹೇಳಿ. ಕೆಲಸದ ಬಟ್ಟೆಯಲ್ಲೇ ಮನೆಗೆ ಬರುವುದು, ಅದೇ ಕೈಯಲ್ಲಿ ಊಟ, ಬೀಡಿ, ಇವತ್ತೇ ನಿಲ್ಲಲಿ. ಬಾಯಿಗೆ ಹೋದ ಸೀಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳಬಹುದು. ಮನೆಯಲ್ಲಿ ಮಕ್ಕಳಿದ್ದರೆ ಅವರದ್ದೂ ಪರೀಕ್ಷೆ ಮಾಡಿಸಿ.