ಫೋನ್ ನಂಬರ್ ಮರೆತವನು ದಡ್ಡನೇ?

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಫೋನ್ ನಂಬರ್ ಹೇಳಿದರೆ ಕೊನೆಗೆ ಬರುವಷ್ಟರಲ್ಲಿ ಮೊದಲಿನ ಅಂಕಿಗಳು ಹೋಗಿರುತ್ತವೆ. ಊರಲ್ಲಿ ಒಂದು ಬ್ರೇನ್ ಟ್ರೈನಿಂಗ್ ಕ್ಲಾಸ್ ಶುರುವಾಗಿದೆ. ವರ್ಕಿಂಗ್ ಮೆಮೊರಿ (ಆ ಕ್ಷಣಕ್ಕೆ ಬೇಕಾದ್ದನ್ನು ತಲೆಯಲ್ಲಿ ಹಿಡಿದಿಟ್ಟು ಬಳಸುವ ನೆನಪು) ಚುರುಕಾದರೆ ಐಕ್ಯೂ ತಾನಾಗಿಯೇ ಏರುತ್ತೆ ಅಂತಾರೆ. ಫೀಸು ಜಾಸ್ತಿ. ಸೇರಿಸಲಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಐಕ್ಯೂ ಏರಲಿ ಅಂತಾದರೆ ಬೇಡ, ದುಡ್ಡು ಉಳಿಸಿಕೊಳ್ಳಿ.

ಮೊದಲು ಆ ನಂಬರ್ ವಿಚಾರ. ಕೇಳಿದ ಅಂಕಿಗಳನ್ನು ಹಾಗೇ ಒಪ್ಪಿಸುವುದರಿಂದ ಬುದ್ಧಿಯ ಬಗ್ಗೆ ತಿಳಿಯುವುದು ಸ್ವಲ್ಪವೇ. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಎಂಬ ಸಂಶೋಧಕರು ವೆಲ್ಷ್, ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದರು. ಅದೇ ಜನ ಇಂಗ್ಲಿಷ್‌ಗಿಂತ ವೆಲ್ಷ್‌ನಲ್ಲಿ ಕಡಿಮೆ ಅಂಕಿ ನೆನಪಿಟ್ಟುಕೊಂಡರು, ಯಾಕೆಂದರೆ ವೆಲ್ಷ್ ಅಂಕಿಗಳನ್ನು ಹೇಳಲು ಹೊತ್ತು ಹಿಡಿಯುತ್ತದೆ. ಭಾಷೆ ಬದಲಾದ ಕೂಡಲೇ ಬುದ್ಧಿ ಇಳಿಯುವುದಿಲ್ಲ ಅಲ್ವಾ?

ವರ್ಕಿಂಗ್ ಮೆಮೊರಿಗೆ ಇನ್ನೂ ಒಂದು ಕೆಲಸ ಇದೆ. ಒಂದನ್ನು ತಲೆಯಲ್ಲಿ ಹಿಡಿದುಕೊಂಡೇ ಇನ್ನೊಂದನ್ನು ಮಾಡಬೇಕು. 27ನ್ನು 6ರಿಂದ ಬಾಯಲ್ಲೇ ಗುಣಿಸಿ ನೋಡಿ. ಏಳಾರ್ಲಿ ನಲವತ್ತೆರಡು, ಕೈಯಲ್ಲಿ ನಾಲ್ಕು. ಆ ಎರಡನ್ನೂ ನಾಲ್ಕನ್ನೂ ಬಿಡದೆ ಎರಡಾರ್ಲಿ ಹನ್ನೆರಡು ಅನ್ನಬೇಕು, ಆಗಲೇ ಯಾರಾದರೂ ಕರೆದರೆ ಮುಗೀತು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಮುಂದಿಟ್ಟ ಮಾದರಿಯ ತಿರುಳು ಇದೇ. ಇಂಥ ಎರಡು ಕೆಲಸದ ಪರೀಕ್ಷೆಗಳಲ್ಲಿ ಬರುವ ಅಂಕಕ್ಕೂ ಬುದ್ಧಿಗೂ ನಂಟು ಇರುವುದು ನಿಜ. ಎಷ್ಟು ಅನ್ನುವುದರಲ್ಲೇ ಜಗಳ. 2005ರಲ್ಲಿ ಆಕರ್‌ಮನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ಸರಾಸರಿ 0.48 ಅಂದರು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಅದೇ ವರ್ಷ ಕೇನ್ ಮತ್ತಿತರರು ಬೇರೆ ಲೆಕ್ಕ ಹಾಕಿ 0.72 ಅಂದರು. ಯಾರ ಲೆಕ್ಕ ಹಿಡಿದರೂ ವರ್ಕಿಂಗ್ ಮೆಮೊರಿ, ಬುದ್ಧಿ ಎರಡೂ ಒಂದೇ ಅಲ್ಲ.

ನಂಟಿಗೆ ಕಾರಣ ಗಮನದ ಮೇಲಿನ ಹಿಡಿತ ಅನ್ನುತ್ತಾರೆ ಮನಃಶಾಸ್ತ್ರಜ್ಞ ರ‍್ಯಾಂಡಲ್ ಎಂಗಲ್. ನನಗೂ ಅದೇ ಸರಿ ಅನಿಸುತ್ತದೆ. 2001ರ ಒಂದು ಪ್ರಯೋಗದಲ್ಲಿ ಒಂದು ಕಿವಿಗೆ ಕೇಳುವ ಪದಗಳನ್ನು ತಿರುಗಿ ಹೇಳುತ್ತಾ ಇರಬೇಕಿತ್ತು. ಇನ್ನೊಂದು ಕಿವಿಯಲ್ಲಿ ನಡುವೆ ಅವರದೇ ಹೆಸರು ಬರುತ್ತಿತ್ತು. ವರ್ಕಿಂಗ್ ಮೆಮೊರಿ ಕಡಿಮೆ ಇದ್ದವರಲ್ಲಿ ಶೇ. 65 ಮಂದಿಗೆ ಹೆಸರು ಕೇಳಿಸಿತು, ಹೆಚ್ಚಿದ್ದವರಲ್ಲಿ ಶೇ. 20 ಮಂದಿಗೆ ಮಾತ್ರ! ಕರೆದರೆ ಓಗೊಡದ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಓದಿ ಖುಷಿಪಡಬಹುದು.

ಇನ್ನು ಟ್ರೈನಿಂಗ್. 2008ರಲ್ಲಿ ಯೇಗಿ ಮತ್ತು ತಂಡ, ಎನ್-ಬ್ಯಾಕ್ (ಒಂದರ ಹಿಂದೊಂದು ಬರುವ ಗುರುತುಗಳಲ್ಲಿ ಈಗಿನದು ಇಂತಿಷ್ಟು ಹೆಜ್ಜೆ ಹಿಂದೆ ಬಂದದ್ದೇ ಅಂತ ಹೇಳುವುದು) ಎಂಬ ಅಭ್ಯಾಸದಿಂದ ಬುದ್ಧಿ ಪರೀಕ್ಷೆಯ ಅಂಕ ಏರಿತು ಎಂದು ಬರೆದರು. ಸುದ್ದಿಯೋ ಸುದ್ದಿ. 2013ರಲ್ಲಿ ರೆಡಿಕ್ ಮತ್ತಿತರರು ಬೇರೆ ಅಭ್ಯಾಸ ಮಾಡಿದ ಗುಂಪನ್ನೂ ಇಟ್ಟುಕೊಂಡು ಹೋಲಿಸಿದಾಗ, ಎನ್-ಬ್ಯಾಕ್‌ನಲ್ಲಿ ಪಳಗಿದರೇ ಹೊರತು ಬುದ್ಧಿ ಅಲ್ಲೇ ಇತ್ತು. 1980ರ ಇನ್ನೊಂದು ಪ್ರಯೋಗವಂತೂ ಮಜವಾಗಿದೆ. ಎರಿಕ್ಸನ್ ಮತ್ತು ಚೇಸ್ ಬಳಿ ಸುಮಾರು 230 ಗಂಟೆ ಅಭ್ಯಾಸ ಮಾಡಿದ ಕಾಲೇಜು ಹುಡುಗನೊಬ್ಬ 7 ಅಂಕಿಯಿಂದ 79ಕ್ಕೆ ಏರಿದ. ಅವನು ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಜೋಡಿಸಿಕೊಳ್ಳುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟರು, ಮತ್ತೆ ಆರರ ಹತ್ತಿರ ಬಂದು ನಿಂತ.

ಮಗನಿಗೆ ಒಂದೇ ಉಸಿರಲ್ಲಿ ನಾಲ್ಕು ಕೆಲಸ ಹೇಳಬೇಡಿ. ಒಂದೊಂದಾಗಿ ಹೇಳಿ, ಇಲ್ಲ ಚೀಟಿ ಬರೆದುಕೊಡಿ. ಓದಿನಲ್ಲೂ ಹಿಂದೆ ಬಿದ್ದಿದ್ದರೆ ಕಿವಿ ಪರೀಕ್ಷೆ ಮಾಡಿಸಿ, ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಿ.

ಪ್ರಶ್ನೆ: ಹಾಗಾದರೆ ಅಷ್ಟಾವಧಾನ ಮಾಡುವವರ ವರ್ಕಿಂಗ್ ಮೆಮೊರಿ ನಮಗಿಂತ ಎಂಟು ಪಟ್ಟು ದೊಡ್ಡದಾ?
– ನಿವೃತ್ತ ಮೇಷ್ಟ್ರು, ಶಿರಸಿ

ಉತ್ತರ: ಇಲ್ಲ ಮೇಷ್ಟ್ರೇ. ಎಂಟು ಪೃಚ್ಛಕರು (ಪ್ರಶ್ನೆ ಒಡ್ಡುವವರು), ಸುತ್ತಿಗೊಂದು ಪದ್ಯದ ಸಾಲು, ನಡುನಡುವೆ ತಲೆ ತಿನ್ನುವ ಅಪ್ರಸ್ತುತ ಪ್ರಸಂಗ. ಗಮನದ ಹಿಡಿತ ಬೇಕೇ ಬೇಕು. ಆದರೆ ಪದ್ಯ ನಿಲ್ಲುವುದು ಛಂದಸ್ಸು, ಪ್ರಾಸ, ವರ್ಷಗಟ್ಟಲೆ ಓದಿದ ಕಾವ್ಯದ ಬಲದಿಂದ ಅಂತ ನನ್ನ ಅಂದಾಜು. ಅದೇ ಅವಧಾನಿಗೆ ಗೊತ್ತಿಲ್ಲದ ಭಾಷೆಯ ಹತ್ತು ಪದ ಒಂದೇ ಸಲ ಹೇಳಿ ನೋಡಿ, ಆಗ ನಮ್ಮ ನಿಮ್ಮ ಹಾಗೇ ತಡಕಾಡಬಹುದು.