ಕಲಬುರಗಿ ಸ್ಟೇಷನ್ ಹತ್ತಿರ ಚರ್ಚಿನವರು ಊಟ, ಬಟ್ಟೆ ಹಂಚುತ್ತಾರೆ. ನಾವು ಯಾವ ಹಳೇ ಬಟ್ಟೆ ಕೊಟ್ಟರೆ ಉಪಯೋಗ ಆಗುತ್ತೆ?

ನೀವು ಇದರ ಜೊತೆ ಇನ್ನೊಂದು ಮಾತೂ ಕೇಳಿದ್ದೀರಿ. ಊಟ ಕೊಟ್ಟು ಮತಾಂತರ ಮಾಡುತ್ತಾರೆ ಅಂತ ನಿಮ್ಮ ಮನೆಯಲ್ಲಿ ಹೇಳುತ್ತಿದ್ದಾರೆ, ಅದು ನಿಜಾನಾ ಅಂತ. ಎರಡಕ್ಕೂ ಹೇಳುತ್ತೇನೆ. ನಾನು ಟೈಲರ್. ಬೀದರಿನ ಮೆಥೋಡಿಸ್ಟ್ ಮನೆಯವಳು, ಮದುವೆಯಾಗಿ ಕಲಬುರಗಿಗೆ ಬಂದೆ. 6 ವರ್ಷದಿಂದ ಶುಕ್ರವಾರ ರಾತ್ರಿ ನಮ್ಮ ಚರ್ಚಿನ ಹತ್ತು ಹನ್ನೊಂದು ಜನರ ಜೊತೆ ಸ್ಟೇಷನ್ ಕಡೆಗೂ ಸರ್ಕಾರಿ ಆಸ್ಪತ್ರೆ ಕಡೆಗೂ ಹೋಗುತ್ತೇನೆ.

ಸೀರೆ ಎಲ್ಲರೂ ಕೊಡುತ್ತಾರೆ. ಕುಬಸ, ಅಂದರೆ ರವಿಕೆ, ಯಾರೂ ಕೊಡಲ್ಲ.

ಇದು ನನಗೆ ಗೊತ್ತಾಗಿದ್ದು ಒಬ್ಬ ಆಯಿಯಿಂದ. ಸ್ಟೇಷನ್ ಹೊರಗೆ ಮಲಗುತ್ತಿದ್ದರು. ನಾವೇ ಕೊಟ್ಟ ಎರಡು ಸೀರೆ ಮಡಚಿ ತಲೆಗೆ ಇಟ್ಟುಕೊಂಡಿದ್ದರು, ಉಟ್ಟಿದ್ದು ಮಾತ್ರ ಅದೇ ಹಳೇ ಮಾಸಿದ ಸೀರೆ. ಯಾಕೆ ಆಯಿ ಅಂದೆ. "ಕುಬಸ ಹರದದ ಯವ್ವಾ, ಹೊಸಾ ಸೀರಿ ಉಟ್ಟು ಏನ್ ಮಾಡ್ಲಿ" ಅಂದರು. ಸೆರಗನ್ನ ಎರಡೂ ಭುಜದ ಮೇಲೆ ಬಿಗಿಯಾಗಿ ಹಿಡಿದುಕೊಂಡೇ ಊಟ ಮಾಡುತ್ತಿದ್ದರು, ಬಲಗೈಯಲ್ಲಿ ತುತ್ತು, ಎಡಗೈ ಸೆರಗು ಬಿಡುತ್ತಿರಲಿಲ್ಲ. ಕಂಕುಳ ಕೆಳಗೆ ಕುಬಸ ಪೂರ್ತಿ ಬಿಟ್ಟಿತ್ತು, ಅದನ್ನ ಮೂರು ಪಿನ್ನು ಹಿಡಿದಿದ್ದವು. ಒಂದು ಪಿನ್ನು ತುಕ್ಕು ಹಿಡಿದು ಚರ್ಮಕ್ಕೆ ಗೀರಿತ್ತು. ಎಷ್ಟು ಶುಕ್ರವಾರ ಅವರ ಮುಂದೆ ತಟ್ಟೆ ಇಟ್ಟು ಹೋಗಿದ್ದೆ, ಟೈಲರ್ ಆಗಿ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಣ್ಣಳತೆಯಲ್ಲೇ ಎರಡು ಕುಬಸ ಹೊಲಿದೆ. ಹುಕ್ಕು ಬೇಡ ಅಂದರು, ಬೆರಳು ಮಡಚಲ್ಲ. ಮುಂದೆ ಗಂಟು ಕಟ್ಟುವ ಹಳೇ ನಮೂನೆಯದೇ ಬೇಕು ಅಂದರು. ಅದೇ ಹೊಲಿದು ಕೊಟ್ಟೆ. ಆಮೇಲಿನ ಶುಕ್ರವಾರ ನೀಲಿ ಸೀರೆ ಉಟ್ಟು ಕೂತಿದ್ದರು, ಎರಡೂ ಕೈ ಬಿಡುವಾಗಿತ್ತು.

ಹಾಗಾಗಿ ಕೊಡುವ ಬಟ್ಟೆಯ ಗಂಟು ಕಟ್ಟುವಾಗ ಒಂದು ಮಾತು ಯೋಚನೆ ಮಾಡಿ, ಇದು ಒಂದು ರಾತ್ರಿಯಲ್ಲಿ ಒಣಗುತ್ತಾ? ಬೀದಿಯಲ್ಲಿ ಇರುವವರಿಗೆ ಬಟ್ಟೆ ಒಣಹಾಕೋಕೆ ಹಗ್ಗ ಇಲ್ಲ, ಒದ್ದೆ ಬಟ್ಟೆ ಹೊತ್ತುಕೊಂಡು ತಿರುಗೋಕೆ ಆಗಲ್ಲ. ಜೀನ್ಸ್ ಪ್ಯಾಂಟ್ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಭಾರವೇ. ಲುಂಗಿ, ಧೋತರ, ಟವೆಲ್, ಅರ್ಧ ತೋಳಿನ ಅಂಗಿ, ಕಾಟನ್ ಸೀರೆ, ಲಾಡಿ ಇರುವ ಲಂಗ, ಇವು ಬೇಕು. ಚಪ್ಪಲಿ ಕೊಟ್ಟರೆ ಜೋಡಿಯನ್ನ ದಾರದಿಂದ ಕಟ್ಟಿ ಕೊಡಿ, ಇಲ್ಲಾಂದ್ರೆ ಗಂಟಿನಲ್ಲಿ ಒಂದು ಕಾಲಿನದು ಕಳೆದೇ ಹೋಗುತ್ತೆ. ಒಳಉಡುಪು ಹೊಸದೇ ಆಗಬೇಕು. ಡಿಸೆಂಬರ್ ಚಳಿಗೆ ಚಾದರ, ಮಕ್ಕಳ ಸ್ವೆಟರ್. ತೊಳೆದು ಕೊಡಿ, ಗುಂಡಿ ಹಾಕಿ ಕೊಡಿ.

ಹರಿದ ಸೀರೆ ಇದ್ದರೆ ಬಿಸಾಡಬೇಡಿ, ಅದನ್ನೂ ಕೊಡಿ, ಆದರೆ ಬೇರೆ ಚೀಲದಲ್ಲಿ. ಮಂಗಳವಾರ ಮಧ್ಯಾಹ್ನ ನಾವು ಹೆಂಗಸರು ಕೂತು ಐದಾರು ಸೀರೆ ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತೇವೆ. ಬೈಬಲ್‌ನಲ್ಲಿ ಯೊಪ್ಪ ಊರಿನ ತಬಿಥಾ ಅಂತ ಒಬ್ಬಳು ಬರುತ್ತಾಳೆ. ಅವಳು ತೀರಿಕೊಂಡಾಗ ಊರಿನ ವಿಧವೆಯರು ಅವಳು ಹೊಲಿದು ಕೊಟ್ಟ ಬಟ್ಟೆಗಳನ್ನ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿ ಅಳುತ್ತಾರೆ. ನಾನು ಸಣ್ಣವಳಿದ್ದಾಗಿಂದ ಕೇಳಿದ ಕಥೆ. ಸೂಜಿ ಹಿಡಿದಾಗೆಲ್ಲ ನೆನಪಾಗುತ್ತೆ.

ನಾವೂ ತಪ್ಪು ಮಾಡಿದ್ದೇವೆ. ಮೊದಲ ವರ್ಷ ಕ್ರಿಸ್‌ಮಸ್‌ಗೆ ಬಟ್ಟೆಯೆಲ್ಲ ಫುಟ್‌ಪಾತ್ ಮೇಲೆ ರಾಶಿ ಹಾಕಿ ಬೇಕಾದ್ದು ತಗೊಳ್ಳಿ ಅಂದೆವು. ಎಳೆದಾಟ ಆಯಿತು, ಒಬ್ಬ ಮುತ್ಯಾ ಬಿದ್ದು ಮೊಣಕಾಲು ಒಡೆದುಕೊಂಡರು. ಅವತ್ತಿನಿಂದ ರಾಶಿ ಹಾಕಲ್ಲ. ಈ ಶುಕ್ರವಾರ ಕೇಳಿ ಬರೆದುಕೊಳ್ಳುತ್ತೇವೆ, ಮುಂದಿನ ಶುಕ್ರವಾರ ತಂದು ಅವರ ಕೈಗೇ ಕೊಡುತ್ತೇವೆ. ಫೋಟೋ ಕೂಡ ಇಲ್ಲ. ಒಮ್ಮೆ ದುಡ್ಡು ಕೊಟ್ಟವರೊಬ್ಬರು ತಟ್ಟೆ ಹಿಡಿದವರ ಮುಂದೆ ಮೊಬೈಲ್ ಹಿಡಿದರು. ಆಳಂದ ಕಡೆಯ ರೈತ, ಹೆಂಡತಿಯನ್ನ ಆಸ್ಪತ್ರೆಗೆ ಸೇರಿಸಿ ಹೊರಗೆ ಮಲಗಿದ್ದವರು, ತುಂಬಿದ ತಟ್ಟೆ ಕೆಳಗಿಟ್ಟು ಎದ್ದು ಹೋದರು. ಹಿಂದೆ ಓಡಿದೆ, ತಿರುಗಿ ನೋಡಲಿಲ್ಲ.

ಅಲ್ಲಿ ಕೂತವರೆಲ್ಲ ಭಿಕ್ಷುಕರು ಅಂದುಕೊಳ್ಳಬೇಡಿ. ಚಿಂಚೋಳಿ, ಜೇವರ್ಗಿ, ಅಫಜಲಪುರದಿಂದ ರೋಗಿ ಜೊತೆ ಬಂದವರು ಜಾಸ್ತಿ. ಪುಣೆ, ಮುಂಬೈಗೆ ಗುಳೆ ಹೊರಟವರು ಇರುತ್ತಾರೆ. ಇಂದಿರಾ ಕ್ಯಾಂಟೀನ್‌ನಲ್ಲಿ 10 ರೂಪಾಯಿಗೆ ಊಟ ಸಿಗುತ್ತೆ, ಅದು ದೊಡ್ಡ ಆಸರೆ. ಅದು ಮುಚ್ಚಿದ ಮೇಲೆ ಬಂದು ಇಳಿದವರಿಗೆ ನಾವು ಬೇಕಾಗುತ್ತೇವೆ. ಅನ್ನ, ತೊಗರಿ ಬೇಳೆ ಸಾರು ಮಾಡುತ್ತೇವೆ, ಹಲ್ಲಿಲ್ಲದವರಿಗೆ ಅದೇ ಅನ್ನ ಮೆತ್ತಗೆ ಕಲಸಿ ಕೊಡುತ್ತೇವೆ. ರೈಲು ಹತ್ತುವವರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ, ಎರಡು ದಿನ ಇಟ್ಟರೂ ಕೆಡಲ್ಲ. ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಸಂಜೆ 7ರ ನಂತರವೇ ಒಲೆ ಹಚ್ಚುವುದು. ಮಧ್ಯಾಹ್ನ ಮಾಡಿದ ಅನ್ನ ರಾತ್ರಿಗೆ ಹಳಸಿರುತ್ತೆ. ಮನೆಯಲ್ಲಿ ಉಳಿದಿದ್ದನ್ನ ತಂದು ಕೊಡುವವರಿಗೂ ಇದನ್ನೇ ಹೇಳುತ್ತೇನೆ, ನೀವು ಈಗ ತಿನ್ನೋದಾದ್ರೆ ಕೊಡಿ.

ನಮ್ಮ ಊಟದಿಂದ ಎಲ್ಲ ಸರಿಹೋಗಲ್ಲ. ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನ ಮಲಗುವಂಥ ಒಂದು ಆಶ್ರಯ ಕೇಂದ್ರ ಇರಬೇಕು ಅಂತ ಸರ್ಕಾರದ್ದೇ ಮಾರ್ಗಸೂಚಿ ಇದೆ. ನಮ್ಮ ಊರು 2011ರ ಗಣತಿಯಲ್ಲೇ 5 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ, ನಿಮ್ಮ ವಾರ್ಡಿನ ಕಾರ್ಪೊರೇಟರ್ ಸಿಕ್ಕಾಗ ಕೇಳಿ.

ಇನ್ನು ಮತಾಂತರ. ಬೇರೆ ಗುಂಪುಗಳ ಪರವಾಗಿ ನಾನು ಮಾತು ಕೊಡಲ್ಲ, ನಮ್ಮದು ಹೇಳುತ್ತೇನೆ. ಹೊರಡುವ ಮುಂಚೆ ನಾವು ನಾವೇ ಪ್ರಾರ್ಥನೆ ಮಾಡಿಕೊಳ್ಳುತ್ತೇವೆ. ಅಲ್ಲಿ ಹೋದ ಮೇಲೆ ಕರಪತ್ರ ಇಲ್ಲ, ಹಾಡು ಇಲ್ಲ, ನಿಮ್ಮ ಜಾತಿ ಯಾವುದು, ದೇವರು ಯಾರು ಅನ್ನೋ ಪ್ರಶ್ನೆ ಇಲ್ಲ. ಐದು ರೊಟ್ಟಿ ಎರಡು ಮೀನು ಮುರಿದು ಅಷ್ಟು ಸಾವಿರ ಜನರಿಗೆ ಕೊಟ್ಟಾಗ ಯೇಸು ಯಾರ ಹೆಸರೂ ಕೇಳಲಿಲ್ಲ, ನಾನು ಯಾಕೆ ಕೇಳಲಿ? ಹಸಿದವನನ್ನ ಕೂರಿಸಿ, ಮೊದಲು ಪ್ರಾರ್ಥನೆ ಆಮೇಲೆ ಊಟ ಅನ್ನೋದು ತಪ್ಪು, ಅದನ್ನ ಯಾವ ಚರ್ಚಿನವರು ಮಾಡಿದರೂ ತಪ್ಪು ಅಂತಲೇ ಹೇಳುತ್ತೇನೆ. ಶರಣಬಸವೇಶ್ವರರ ದಾಸೋಹ ಇರುವ ಊರು ಇದು, ಬಂದೇನವಾಜ್ ದರ್ಗಾದ ಊರು. ಬೀದರಿನಲ್ಲಿ ನಾನು ಶಾಲೆ ಬಿಟ್ಟ ಮೇಲೆ ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ಎಷ್ಟೋ ಸಲ ಉಂಡಿದ್ದೇನೆ, ನೀನು ಯಾರ ಮಗಳು ಅಂತ ಒಬ್ಬರೂ ಕೇಳಿರಲಿಲ್ಲ.

ನಿಮ್ಮ ಮನೆಯವರಿಗೆ ಅನುಮಾನ ಇದ್ದರೆ ಅವರನ್ನೂ ಒಂದು ಶುಕ್ರವಾರ ಕರೆದುಕೊಂಡು ಬನ್ನಿ, ರಾತ್ರಿ 9ಕ್ಕೆ, ಸ್ಟೇಷನ್ ಮುಂದೆ. ಬಡಿಸೋಕೆ ಕೈ ಸಾಲುತ್ತಿಲ್ಲ. ಈ ವಾರ ನಮ್ಮ ಪುಸ್ತಕದಲ್ಲಿ ಬರೆದಿರೋದು: ಎರಡು ಲುಂಗಿ, 7 ನಂಬರ್ ಗಂಡಸರ ಚಪ್ಪಲಿ, ನಾಲ್ಕು ವರ್ಷದ ಹುಡುಗಿಗೆ ಫ್ರಾಕು, "ಕೆಂಪದಿದ್ರ ಛಲೋ" ಅಂದಿದ್ದಾಳೆ. ಕುಬಸ ಮೂರು, ಅದನ್ನ ನಾನು ಹೊಲಿಯುತ್ತೇನೆ, ನಿಮ್ಮ ಹತ್ತಿರ ಕಾಟನ್ ಬಟ್ಟೆ ಇದ್ದರೆ ತನ್ನಿ.